ಏಳು ಇಂಚು ಹತ್ತು ಸೆಂಟು

ನಮ್ಮ ಕಡೆ ಮಾರ್ಚ್ ತಿಂಗಳಲ್ಲಿ ಫೋನು ಮಾಡಿದವರು ಹಲೋ ಎನ್ನುವುದಿಲ್ಲ, ನೇರವಾಗಿ ‘ಎಷ್ಟು ಸೆಂಟು?’ ಎನ್ನುತ್ತಾರೆ. ಕಾಫಿ ಗಿಡ ಹೂ ಬಿಡಬೇಕಾದರೆ ಬೇಸಿಗೆಯಲ್ಲಿ ಒಂದು ಒಳ್ಳೆಯ ಮಳೆ ಬೇಕು. ಆ ಹೂಮಳೆ ಕೊಟ್ಟಿಗೆಹಾರದಲ್ಲಿ ಸುರಿದು ಮೂಡಿಗೆರೆಯಲ್ಲಿ ಒಂದು ಹನಿಯೂ ಬೀಳದೆ ಹೋಗಬಹುದು. ನೆಂಟರ ತೋಟಕ್ಕೆ ಬಿದ್ದು ನಮ್ಮ ತೋಟಕ್ಕೆ ಬೀಳದಿದ್ದರೆ ಆ ದಿನದ ಮಟ್ಟಿಗೆ ನೆಂಟಸ್ತಿಕೆಯೂ ಸ್ವಲ್ಪ ಮಂಕಾಗುತ್ತದೆ. ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುವುದು ಇಲ್ಲಿಯ ರೂಢಿ. ನೂರು ಸೆಂಟಿಗೆ ಒಂದು ಇಂಚು. ಪ್ರತಿ ಎಸ್ಟೇಟಿನ ಅಂಗಳದಲ್ಲೂ ಮಳೆ ಹಿಡಿಯುವ ಒಂದು ಡಬ್ಬಿ, ಅಳೆಯಲು ಗೆರೆ ಹಾಕಿದ ಗಾಜಿನ ಗ್ಲಾಸು, ಮನೆಯೊಳಗೆ ಒಂದು ಮಳೆ ಪುಸ್ತಕ ಇರಲೇಬೇಕು. ಮಕ್ಕಳ ಹುಟ್ಟಿದ ತಾರೀಕು ಮರೆತವರು ಇಲ್ಲಿ ಸಿಗುತ್ತಾರೆ, ಮಳೆ ಬರೆಯಲು ಮರೆತವರನ್ನು ನಾನು ಕಂಡಿಲ್ಲ.

ನಾನು ಕಡೂರಿನ ಬಯಲಿನವಳು. ನಮ್ಮೂರಲ್ಲಿ ಮಳೆ ಬಂದರೆ ಬಂತು ಎನ್ನುತ್ತಿದ್ದೆವು, ಅಳೆಯುವಷ್ಟು ಬಂದರೆ ತಾನೆ? ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಎರಡು ದಿನ ಕಳಸದ ಕಡೆ ಯಾರದೋ ಮದುವೆಗೆ ಹೋದರು. ಡಬ್ಬಿ, ಗ್ಲಾಸು, ಪುಸ್ತಕ ಮೂರನ್ನೂ ನನಗೆ ಒಪ್ಪಿಸಿದರು. ಕಾಲೇಜಿನಲ್ಲಿ ಗಣಿತ ಹೇಳುವವಳು, ಇಷ್ಟೂ ಬರದೆ ಏನು ಎಂದು ಜಂಭದಿಂದಲೇ ಬೆಳಿಗ್ಗೆ ಎಂಟಕ್ಕೆ ಅಳೆದು ಆ ದಿನದ ತಾರೀಕಿಗೆ ಬರೆದೆ. ಮಾವ ಬಂದವರು ಚಪ್ಪಲಿ ಬಿಡುವುದಕ್ಕೆ ಮೊದಲೇ ಪುಸ್ತಕ ತೆಗೆದರು. ಸ್ಕೇಲು ಇಟ್ಟು ನನ್ನ ಎರಡೂ ಅಂಕಿಗಳ ಮೇಲೆ ನೀಟಾಗಿ ಗೆರೆ ಹೊಡೆದು, ಒಂದೊಂದು ಸಾಲು ಮೇಲಕ್ಕೆ ಬರೆದರು. ಬೆಳಿಗ್ಗೆ ಎಂಟಕ್ಕೆ ಡಬ್ಬಿಯಲ್ಲಿ ಸಿಕ್ಕಿದ್ದು ನಿನ್ನೆಯ ಮಳೆ, ಅದು ನಿನ್ನೆಯ ತಾರೀಕಿಗೇ ಹೋಗಬೇಕು ಎಂದು ನಿಧಾನವಾಗಿ ತಿಳಿಸಿದರು. ಹವಾಮಾನ ಇಲಾಖೆಯವರ ಲೆಕ್ಕ ಬೇರೆ ಇರಬಹುದಲ್ಲ ಎಂದೆ. ಇರಬಹುದು, ಇದು ಈ ಮನೆಯ ಪದ್ಧತಿ ಎಂದರು. ಒಂದು ವಾರ ಮೂತಿ ಊದಿಸಿಕೊಂಡು ಓಡಾಡಿದ್ದೆ. ಈ ಸಣ್ಣ ಸಂಗತಿಯನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಮಾವ ಸೈನ್ಯದಲ್ಲಿದ್ದವರು. ಸಿಗ್ನಲ್ಸ್, ಅಂದರೆ ಸುದ್ದಿ ಕಳಿಸುವ, ಸುದ್ದಿ ಹಿಡಿಯುವ ವಿಭಾಗ. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ, ಮರಳುಗಾಡಿನ ಒಂದು ಗುಂಡಿಯೊಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರಂತೆ. ಇಷ್ಟು ನಮಗೆ ಗೊತ್ತು. ಇದಕ್ಕಿಂತ ಒಂದಕ್ಷರ ಹೆಚ್ಚು ಅವರ ಬಾಯಿಂದ ಹೊರಡಿಸಲು ಯಾರಿಂದಲೂ ಆಗಿಲ್ಲ. ಯಾವ ಸಂಕೇತ ಬಳಸುತ್ತಿದ್ದಿರಿ ಎಂದು ಕೇಳಿದರೆ ‘ಅದು ರಹಸ್ಯ’ ಎನ್ನುತ್ತಾರೆ. ಐವತ್ತು ವರ್ಷ ದಾಟಿತಲ್ಲ ಮಾವ, ಆ ಯಂತ್ರಗಳೆಲ್ಲ ಗುಜರಿಗೆ ಹೋಗಿರುತ್ತವೆ ಎಂದರೆ, ಯಂತ್ರ ಹೋಗಿರಬಹುದು, ಕೊಟ್ಟ ಮಾತು ಹೋಗಿಲ್ಲ ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಆ ಮೇಲೆ ಅರ್ಧ ಗಂಟೆ ಆ ಬಾಯಿ ತೆರೆಯುವುದಿಲ್ಲ.

ಹೋದ ವರ್ಷದ ಕೊನೆಯಲ್ಲಿ ಚಿಕ್ಕಮಗಳೂರಿನ ಒಂದು ಕಾಲೇಜಿನವರು ಯುದ್ಧಕಾಲದ ಗುಪ್ತಲಿಪಿಗಳ ಬಗ್ಗೆ ಒಂದು ಗಂಟೆ ಮಾತಾಡಿ ಎಂದು ನನ್ನನ್ನು ಕೇಳಿದರು. ನಾನು ಕುಣಿದುಬಿಟ್ಟೆ. ಬಿಡಿಸದ ಲೆಕ್ಕವೊಂದು ಎದುರಿಗಿದ್ದರೆ ನನಗೆ ಅನ್ನ ಸೇರುವುದಿಲ್ಲ, ಗುಪ್ತಲಿಪಿ ಅಂದರೆ ಪೂರ್ತಿ ಅಂಥವೇ. ಊಟದ ಹೊತ್ತಿಗೆಲ್ಲ ಅದೇ ಮಾತು ತೆಗೆದು ಮನೆಯವರ ತಲೆ ತಿಂದೆ. ಗ್ರೀಸಿನ ಸೈನಿಕರು ಕೋಲಿಗೆ ಚರ್ಮದ ಪಟ್ಟಿ ಸುತ್ತಿ ಅದರ ಮೇಲೆ ಸುದ್ದಿ ಬರೆಯುತ್ತಿದ್ದರು, ಪಟ್ಟಿ ಬಿಚ್ಚಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ಅಷ್ಟೇ ದಪ್ಪದ ಕೋಲು ಇದ್ದವನಿಗೆ ಮಾತ್ರ ಓದಲು ಬರುತ್ತಿತ್ತು. ಒಬ್ಬ ಆಳಿನ ತಲೆ ಬೋಳಿಸಿ, ಬುರುಡೆಯ ಮೇಲೆ ಸುದ್ದಿ ಹಚ್ಚೆ ಹಾಕಿಸಿ, ಕೂದಲು ಬೆಳೆಯುವ ತನಕ ಕಾದು ಕಳಿಸಿದ ಕತೆಯೂ ಇದೆ. ಇದನ್ನು ಕೇಳಿ ನನ್ನ ಗಂಡ, ನಮ್ಮ ಕೊರಿಯರ್ ಅದಕ್ಕಿಂತ ಬೇಗ ಏನೂ ಬರುವುದಿಲ್ಲ ಎಂದರು. ರೋಮಿನವರು ಪ್ರತಿ ಅಕ್ಷರಕ್ಕೆ ಮೂರು ಅಕ್ಷರ ಮುಂದಿನದನ್ನು ಬರೆದು ಪಾರಾಗುತ್ತಿದ್ದರು. ಆಮೇಲೆ ಇಟಲಿಯಲ್ಲಿ ಒಂದರೊಳಗೆ ಒಂದು ತಿರುಗುವ ಎರಡು ಚಕ್ರ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಚಕ್ರಗಳೇ ಟೈಪ್‌ರೈಟರಿನಂಥ ಪೆಟ್ಟಿಗೆಯೊಳಗೆ ಸೇರಿಕೊಂಡು, ಒಂದು ಕೀಲಿ ಒತ್ತಿದರೆ ಒಳಗೆ ತಾವೇ ತಿರುಗಿ, ಮೇಲೆ ಬೇರೊಂದು ಅಕ್ಷರದ ದೀಪ ಹತ್ತುವಂತಾಯಿತು. ಜರ್ಮನ್ನರು ಅದನ್ನು ಯಾರೂ ಒಡೆಯಲಾರರು ಎಂದುಕೊಂಡಿದ್ದರು.

‘ಒಡೆದದ್ದು ಹೇಗೆ ಗೊತ್ತಾ ಮಾವ? ಒಂದು ಮುಖ್ಯ ದಾರಿ ಹವಾಮಾನ ವರದಿ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಮಾತುಗಳಲ್ಲಿ ಕಳಿಸುತ್ತಿದ್ದರಂತೆ. ಒಳಗೇನಿದೆ ಅಂತ ಮೊದಲೇ ಊಹಿಸಿದ ಮೇಲೆ ಬೀಗ ತೆಗೆಯೋದು ಎಷ್ಟು ಹೊತ್ತು?’

ಮಾವ ಮಜ್ಜಿಗೆ ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದರು. ‘ಯಂತ್ರದ್ದೇನೂ ತಪ್ಪಿರ್ಲಿಲ್ಲ. ಕೂತವನ ತಪ್ಪು.’

ಇಷ್ಟು ಹೇಳಿದ್ದೇ ದೊಡ್ಡದು ಎಂದು ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಪಕ್ಕದಲ್ಲಿದ್ದ ಅತ್ತೆ ಮಾತ್ರ ಏನೋ ನೆನಪಾದವರಂತೆ ನಗುತ್ತಿದ್ದರು.

ಅತ್ತೆಯ ಬಗ್ಗೆ ಹೇಳಬೇಕು. ಚಿಕ್ಕಮಗಳೂರು ಪೇಟೆಯ ಹುಡುಗಿಯಾಗಿ ಈ ಎಸ್ಟೇಟಿಗೆ ಬಂದವರು, ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಸುತ್ತಮುತ್ತಲ ಪ್ರೈಮರಿ ಶಾಲೆಗಳಲ್ಲಿ ಪಾಠ ಮಾಡಿದವರು. ಕೊಟ್ಟಿಗೆಹಾರದಲ್ಲಿ ಅವರ ಜೊತೆ ನೀರುದೋಸೆ ತಿನ್ನಲು ಹೋದರೆ ದೋಸೆ ತಣ್ಣಗಾಗುತ್ತದೆ, ಅಷ್ಟು ಜನ ‘ನಮಸ್ಕಾರ ಟೀಚರಮ್ಮ’ ಎಂದು ಬಂದು ನಿಲ್ಲುತ್ತಾರೆ. ಬಸ್ಸಿನವನು ನಮ್ಮ ಗೇಟಿನ ಎದುರು ನಿಲ್ಲಿಸುವುದೂ ಅವರಿಗೋಸ್ಕರ, ನಾವೆಲ್ಲ ಅದರ ಲಾಭ ಪಡೆಯುವವರು.

ಮರುದಿನ ಮಧ್ಯಾಹ್ನ ಮಾವ ಕಣದಲ್ಲಿ ಕಾಫಿ ಹರಡಿಸುತ್ತಿದ್ದಾಗ ಅತ್ತೆ ತಮ್ಮ ಟ್ರಂಕು ತೆಗೆದು ಒಂದು ಬಿಸ್ಕತ್ತಿನ ಡಬ್ಬ ನನ್ನ ಮಡಿಲಿಗೆ ಹಾಕಿದರು. ಒಳಗೆ ಹಗ್ಗ ಕಟ್ಟಿದ ಕಾಗದಗಳು, ಅವುಗಳ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಎರಡು ಜೋಡಿ ಚಕ್ರಗಳು, ನಡುವೆ ಅಂಗಿಯ ಗುಂಡಿ ಹೊಲಿದು ತಿರುಗುವಂತೆ ಮಾಡಿತ್ತು. ದೊಡ್ಡ ಜೋಡಿಯ ಹೊರಸುತ್ತಿನಲ್ಲಿ ಕಕಾರದಿಂದ ಳಕಾರದವರೆಗೆ ಮೂವತ್ತನಾಲ್ಕು ವ್ಯಂಜನ, ವ್ಯಂಜನವಿಲ್ಲದ ಅಕ್ಷರಕ್ಕೆಂದು ಒಂದು ಖಾಲಿ ಮನೆ, ಒಳಸುತ್ತಿನಲ್ಲಿ ಅಂಕಿಗಳು. ಚಿಕ್ಕ ಜೋಡಿ ಸ್ವರಗಳಿಗೆ. ನಾನು ಇಟಲಿಯಲ್ಲಿ ಹುಡುಕುತ್ತಿದ್ದದ್ದು ಅತ್ತೆಯ ಟ್ರಂಕಿನಲ್ಲಿತ್ತು.

ಮದುವೆಯಾದ ಎರಡೇ ತಿಂಗಳಿಗೆ ರಜೆ ಮುಗಿದು ಮಾವ ವಾಪಸು ಹೊರಟಾಗ ಇದನ್ನು ಮಾಡಿಕೊಟ್ಟದ್ದಂತೆ. ಯುದ್ಧದ ರಹಸ್ಯಕ್ಕಲ್ಲ, ಜಗಲಿಯ ಕಾಟಕ್ಕೆ. ಆಗ ಯಜಮಾನಿಕೆ ಮಾವನ ಅಪ್ಪನದು. ಮನೆಯವರೆಲ್ಲ ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು. ಮಗನ ಕಾಗದ ಬಂದರೆ ಅಜ್ಜಯ್ಯ ಜಗಲಿಯಲ್ಲಿ ಕೂತು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕರೆಸಿ ಎಲ್ಲರ ಎದುರು ಗಟ್ಟಿಯಾಗಿ ಓದಿಸುತ್ತಿದ್ದರು. ಹೆಂಡತಿಗೆ ಬರೆದ ಕಾಗದವನ್ನೂ. ಅಡುಗೆಮನೆ ಬಾಗಿಲ ಹಿಂದೆ ನಿಂತ ಅತ್ತೆಗೆ ಕೇಳಿಸಿದಷ್ಟು ಅವರ ಪಾಲು. ಇಂಥ ಕಡೆ ಒಬ್ಬ ಹೊಸ ಗಂಡ ಹೆಂಡತಿಗೆ ಏನೆಂದು ಬರೆಯಬೇಕು?

ಅದಕ್ಕೆ ಈ ಉಪಾಯ. ಹಳೆಯ ಒಂದು ವರ್ಷದ ಮಳೆ ಪುಸ್ತಕವನ್ನು ಮಾವ ತಮ್ಮ ಡೈರಿಗೆ ನಕಲು ಮಾಡಿಕೊಂಡು ಹೋದರು. ಮೂಲ ಪುಸ್ತಕ ಮನೆಯಲ್ಲೇ ಇತ್ತು. ಒಂದು ಅಕ್ಷರಕ್ಕೆ ಒಂದು ದಿನ. ಆ ದಿನದ ಮಳೆಯ ಕೊನೆಯ ಅಂಕಿ ಎಷ್ಟೋ ಅಷ್ಟು ಮನೆ ಎರಡೂ ಜೋಡಿಯ ಒಳಚಕ್ರ ತಿರುಗಿಸುವುದು, ಅಕ್ಷರದ ಎದುರು ಬಂದ ಅಂಕಿ ಬರೆದುಕೊಳ್ಳುವುದು. ಸ್ವರದ ಅಂಕಿ ಇಂಚು, ವ್ಯಂಜನದ ಅಂಕಿ ಸೆಂಟು. ಒತ್ತಕ್ಷರಕ್ಕೆ ರಜೆ. ಹೀಗೆ ಕಾಗದದ ಕೊನೆಯ ಸಾಲು ಥೇಟು ಮಳೆ ಲೆಕ್ಕದಂತೆಯೇ ಕಾಣುತ್ತಿತ್ತು. ಮೊದಲನೆಯ ಜೋಡಿ ಮಾತ್ರ ಅಕ್ಷರವಲ್ಲ, ಯಾವ ದಿನದಿಂದ ಶುರು ಎಂಬುದರ ಗುರುತು: ಆರು ಇಂಚು ಹದಿನೈದು ಸೆಂಟು ಎಂದಿದ್ದರೆ ಆರನೇ ತಿಂಗಳ ಹದಿನೈದರಿಂದ. ಗಣಿತದವಳಾಗಿ ಹೇಳುತ್ತೇನೆ, ಇದು ಬಹಳ ಜಾಣತನದ ಕೆಲಸ. ಮಳೆಗಾಲದಲ್ಲಿ ಇಂಚು ಎಷ್ಟು ಬಂದೀತೆಂದು ಯಾರಾದರೂ ಊಹಿಸಬಹುದು, ಸೆಂಟಿನ ಕೊನೆಯ ಅಂಕಿಯನ್ನು ದೇವರೂ ಊಹಿಸಲಾರ. ಒಂದು ಸಲ ಬಳಸಿದ ದಿನವನ್ನು ಮತ್ತೆ ಬಳಸುತ್ತಿರಲಿಲ್ಲವಂತೆ. ದೊಡ್ಡ ದೊಡ್ಡ ಸೈನ್ಯಗಳು ಒಂದೇ ಬಾರಿ ಬಳಸಿ ಸುಡುವ ಅಂಕಿಗಳ ಹಾಳೆ ಇಟ್ಟುಕೊಂಡು ಮಾಡುವ ಕೆಲಸವನ್ನು ಇವರು ಮೂಡಿಗೆರೆಯ ಮಳೆ ಇಟ್ಟುಕೊಂಡು ಮಾಡಿದ್ದರು.

ಮಿಲಿಟರಿ ಕಾಗದ ತೆರೆದು ನೋಡುವ ಅಧಿಕಾರಿ ಹೇಗೆ ಬಿಟ್ಟನೋ ಎಂದು ನಾನು ಬೆರಗಾದೆ. ಆ ಸಾಹೇಬರು ಕೊಡಗಿನ ಕಾಫಿ ಮನೆತನದವರಂತೆ. ಕಾಗದದ ಕೊನೆಯಲ್ಲಿ ಮಳೆ ಲೆಕ್ಕ ನೋಡಿ ಒಂದಿಷ್ಟೂ ಅನುಮಾನ ಪಡದೆ, ಈ ಸಲ ನಿಮ್ಮಲ್ಲಿ ಹೂಮಳೆ ಚೆನ್ನಾಗಿತ್ತಾ ಎಂದು ವಿಚಾರಿಸಿದರಂತೆ.

ಜಗಲಿಯಲ್ಲಿ ನಡೆಯುತ್ತಿದ್ದದ್ದು ಇನ್ನೂ ಚೆಂದ. ರೈಟರು ‘ನಾಲ್ಕು ಇಂಚು ಇಪ್ಪತ್ಮೂರು, ಒಂದು ಇಂಚು ಎಂಟು’ ಎಂದು ಓದುತ್ತಾ ಹೋದರೆ ಅಜ್ಜಯ್ಯ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಪಾಪ, ಮರಳುಗಾಡಲ್ಲಿ ಕೂತ ಮಗ ಮನೆಯ ಮಳೆ ನೆನೆಸಿಕೊಳ್ಳುತ್ತಿದ್ದಾನೆ ಎಂದು. ಲೆಕ್ಕ ಮಾತ್ರ ಒಂದೂ ಸರಿಯಿಲ್ಲ ಎಂದು ಬೇಸರಪಟ್ಟು, ಒಂದು ಸಲ ಸರಿಯಾದ ಅಂಕಿಗಳನ್ನೆಲ್ಲ ಬರೆಸಿ ಮಗನಿಗೆ ಕಳಿಸಿಯೂ ಇದ್ದರು. ಅಲ್ಲಿ ಬಾಗಿಲ ಹಿಂದೆ ಅತ್ತೆಗೆ ಸೆರಗು ಬಾಯಿಗೆ ತುರುಕಿಕೊಂಡರೂ ನಗು ತಡೆಯಲು ಆಗುತ್ತಿರಲಿಲ್ಲ. ನಾಲ್ಕು ಇಂಚು ಇಪ್ಪತ್ಮೂರರಲ್ಲಿ ಏನಿರುತ್ತಿತ್ತು ಎಂದು ಕೇಳಿದೆ. ಅತ್ತೆ ಎಪ್ಪತ್ತೈದರ ವಯಸ್ಸಿನಲ್ಲೂ ಕೆಂಪಗಾಗಿ, ಅದು ರಹಸ್ಯ ಎಂದರು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಡಬ್ಬದ ತಳದಲ್ಲಿ ಹಗ್ಗಕ್ಕೆ ಸೇರದ ಒಂದು ಕಾಗದ ಬೇರೆಯಾಗಿ ಮಡಿಸಿತ್ತು. ಕೈಗೆತ್ತಿಕೊಂಡೆ. ಕೊನೆಯ ಸಾಲು ‘ಏಳು ಇಂಚು ಹತ್ತು ಸೆಂಟು’ ಎಂದು ಶುರುವಾಗಿತ್ತು, ಅದರ ಮುಂದೆ ಹದಿಮೂರು ಜೋಡಿ ಅಂಕಿಗಳು. ಇದನ್ನು ಬಿಡಿಸಿ ಭಾಷಣದಲ್ಲಿ ತೋರಿಸಲೇ ಎಂದು ಕೇಳಿದ್ದೇ ತಡ, ಅತ್ತೆಯ ನಗು ನಿಂತುಹೋಯಿತು. ಎದ್ದು ಬಾಗಿಲ ಹೊರಗೆ ಇಣುಕಿ, ಮಾವ ಕಣದಲ್ಲೇ ಇದ್ದಾರೆಂದು ಖಾತ್ರಿ ಮಾಡಿಕೊಂಡು ಬಂದು ಕೂತರು.

‘ಅದನ್ನ ನಾನು ಓದ್ಲೇ ಇಲ್ಲ ಕಣೆ. ಎಷ್ಟು ತಿರುಗ್ಸಿದ್ರೂ ಬರ್ಲಿಲ್ಲ. ಓದ್ದೆ ಅಂತ ಸುಳ್ಳು ಹೇಳ್ದೆ.’

ಸಂಗತಿ ಹೀಗೆ. ಯುದ್ಧ ಮುಗಿದಿದ್ದರೂ ಮಾವನ ಪಡೆಯನ್ನು ಗಡಿಯಿಂದ ಬಿಟ್ಟಿರಲಿಲ್ಲ. ಆಗ ಅತ್ತೆಗೆ ಶಿಕ್ಷಕರ ತರಬೇತಿಗೆ ಚಿಕ್ಕಮಗಳೂರಿನಿಂದ ಕರೆ ಬಂತು. ಮದುವೆಗೆ ಮೊದಲು ಹಾಕಿದ್ದ ಅರ್ಜಿ. ಮನೆಯ ಸೊಸೆ ಹೋಗಿ ಹಾಸ್ಟೆಲಿನಲ್ಲಿ ಇರುವುದೆಂದರೆ ಅಜ್ಜಯ್ಯನಿಗೆ ಊಹಿಸಲೂ ಆಗದ ಮಾತು. ಮಗ ಏನೆನ್ನುತ್ತಾನೋ ನೋಡೋಣ ಎಂದರು. ಅತ್ತೆ ಗಂಡನಿಗೆ ಬರೆದು ಕೇಳಿದರು. ಬಂದ ಉತ್ತರವೇ ಈ ಕಾಗದ. ಮೇಲೆ ಎಲ್ಲರಿಗೂ ಕೇಳುವಂತೆ, ತರಬೇತಿಯ ವಿಷಯ ಹಿರಿಯರು ಹೇಳಿದ ಹಾಗೆ ಮಾಡತಕ್ಕದ್ದು ಎಂದಿತ್ತು. ನಿಜವಾದ ಉತ್ತರ ಕೊನೆಯ ಸಾಲಿನಲ್ಲಿ.

ಅತ್ತೆ ಮೂರು ದಿನ ಚಕ್ರ ತಿರುಗಿಸಿದರು. ತಲೆಬುಡವಿಲ್ಲದ ಅಕ್ಷರಗಳು ಬಂದವೇ ಹೊರತು ಮಾತು ಬರಲಿಲ್ಲ. ಬರೆದು ಕೇಳಿ ಉತ್ತರ ತರಿಸುವಷ್ಟು ಸಮಯವಿರಲಿಲ್ಲ, ಸೇರಲು ಕೊನೆಯ ದಿನ ಹತ್ತಿರವಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅವರು ಚಕ್ರ ಹಿಡಿದುಕೊಂಡು ನೇರ ಜಗಲಿಗೆ ಬಂದರು. ಈ ಮಳೆ ಲೆಕ್ಕ ಮಳೆಯದಲ್ಲ, ನಿಮ್ಮ ಮಗ ನನಗೆ ಸಂಕೇತದಲ್ಲಿ ಬರೆಯುತ್ತಾರೆ ಎಂದು ಅಜ್ಜಯ್ಯನಿಗೆ ಹೇಳಿಬಿಟ್ಟರು. ತಾನು ಕಣ್ಣೀರು ಹಾಕಿದ ಮಳೆಯೆಲ್ಲ ಏನೆಂದು ಆಗ ಗೊತ್ತಾದ ಅಜ್ಜಯ್ಯನ ಮುಖ ನೋಡುವ ಧೈರ್ಯ ಅತ್ತೆಗಿರಲಿಲ್ಲ. ಓದಿ ತೋರಿಸು ಎಂದರು ಅವರು. ಅತ್ತೆ ಒಂದೊಂದೇ ಮನೆ ಚಕ್ರ ತಿರುಗಿಸುತ್ತಾ, ಎದುರಿಗೆ ಬಂದ ಅಕ್ಷರ ಯಾವುದೇ ಇರಲಿ, ಬಾಯಲ್ಲಿ ಮಾತ್ರ ‘ನೀನು ಹೋಗು, ಓದು, ಅಪ್ಪನಿಗೆ ಹೇಳುವೆ’ ಎಂದು ಓದಿದರು. ಅಜ್ಜಯ್ಯ ಬಹಳ ಹೊತ್ತು ಆ ಚಕ್ರವನ್ನು ತಿರುಗಿಸಿ ನೋಡಿ, ಹುಡುಗ ಬುದ್ಧಿವಂತ ಎಂದು ಹೇಳಿ, ಸೊಸೆಯ ಟ್ರಂಕು ಬಸ್ಸಿಗೆ ಹಾಕಿಸಿದರು.

ತಿಂಗಳುಗಳ ನಂತರ ಮಾವ ಊರಿಗೆ ಬಂದರು. ಅತ್ತೆಯೂ ರಜೆಗೆ ಬಂದಿದ್ದರು. ಅದೇ ಜಗಲಿಯಲ್ಲಿ ಅಜ್ಜಯ್ಯ ಕೇಳಿದರು, ಹೋಗು ಅಂತ ನೀನೇ ಬರೆದಿದ್ದಾ ಎಂದು. ಮಾವ ಅತ್ತೆಯ ಕಡೆ ನೋಡಿದರು, ಆಮೇಲೆ ಹೌದು ಎಂದರು.

‘ಆ ಹೌದು ಸ್ವಲ್ಪ ತಡವಾಗಿ ಬಂತು ಕಣೆ,’ ಎಂದರು ಅತ್ತೆ. ‘ಅಷ್ಟೇ. ಅದೊಂದು ಚೂರು ತಡ ಇವತ್ತಿಗೂ ನನ್ನ ತಲೇಲಿ ಕೂತಿದೆ. ಬೇಡ ಅಂತ ಬರ್ದಿದ್ರಾ ಏನೋ. ಹಾಗಿದ್ರೆ ನಾನು ಟೀಚರಾಗಿದ್ದೇ ಇವ್ರ ಮಾತು ಮೀರಿ.’

ನೇರವಾಗಿ ಕೇಳಬಹುದಿತ್ತಲ್ಲ ಎಂದೆ. ಓದಿದ್ದೇನೆ ಎಂದು ಹೇಳಿಕೊಂಡವಳು ಏನೆಂದು ಕೇಳಲಿ ಎಂದರು. ಸರಿಯೇ. ಅವರಿಗೆ ಗೊತ್ತಾಗಲೂ ಬೇಕಿತ್ತು, ಗೊತ್ತಾಗುವುದು ಬೇಡವೂ ಆಗಿತ್ತು. ಕೊನೆಗೆ ಒಂದು ಕರಾರು ಮಾಡಿದರು: ನಾನು ಬಿಡಿಸಬೇಕು, ಅವರಿಗೊಬ್ಬರಿಗೇ ಹೇಳಬೇಕು, ಬೇಡ ಎಂದಿದ್ದರೆ ಕಾಗದ ಬಚ್ಚಲ ಒಲೆಗೆ ಹೋಗಬೇಕು.

ಒಪ್ಪಿಕೊಂಡೆ, ಮತ್ತು ಪೂರ್ತಿ ಸೋತೆ. ಕಾಲೇಜಿನಿಂದ ಬಂದು ಕಾಫಿ ಕುಡಿದು ಕೂತರೆ ದೀಪ ಹಚ್ಚುವವರೆಗೆ ಅದೇ. ಜುಲೈ ಹತ್ತರಿಂದ ಹದಿಮೂರು ದಿನದ ಮಳೆ ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ಹಾಕಿದರೆ ಬಂದದ್ದು ಕಸ. ಜೂನ್‌ನಲ್ಲಿ ಹಾಕಿದೆ, ಆಗಸ್ಟಿನಲ್ಲಿ ಹಾಕಿದೆ, ಚಕ್ರ ಉಲ್ಟಾ ತಿರುಗಿಸಿದೆ. ಹೂಮಳೆಯ ಮಾತು ಶುರುವಾಗುವ ಮಾರ್ಚ್ ಬಂತು, ಭಾಷಣಕ್ಕೆ ಹತ್ತೇ ದಿನ ಉಳಿದಿತ್ತು, ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಮಾವ ಏನೂ ಗೊತ್ತಿಲ್ಲದವರಂತೆ ನನ್ನ ಕೋಣೆಯ ಮುಂದೆ ಓಡಾಡುತ್ತಿದ್ದರು.

ಒಂದು ಭಾನುವಾರ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿಂದ ಕೇಳಿದೆ. ಹಳೆಯ ವರ್ಷದ ದಿನಗಳು ಖರ್ಚಾಗಿದ್ದವು, ಅದಕ್ಕೇ ಈ ಕಾಗದಕ್ಕೆ ಆಗಷ್ಟೇ ಮುಗಿದ ವರ್ಷದ ಮಳೆ ಬಳಸಿದ್ದು. ಆ ವರ್ಷದ ಮಳೆಯನ್ನು ಅತ್ತೆಯೇ ನಕಲು ಮಾಡಿ ಗಡಿಗೆ ಕಳಿಸಿದ್ದರು. ಆ ವರ್ಷ ಮಳೆ ಅಳೆದದ್ದೂ ಅವರೇ, ಅಜ್ಜಯ್ಯನಿಗೆ ಕಾಲು ಮುರಿದು ಅಂಗಳಕ್ಕೆ ಇಳಿಯಲು ಆಗುತ್ತಿರಲಿಲ್ಲ. ದಿನಾ ನಾನೇ ಬರೆದದ್ದು, ಒಂದು ದಿನವೂ ತಪ್ಪಿಲ್ಲ ಎಂದರು. ನಾನು ಪುಸ್ತಕ ನೋಡಿದೆ. ಜನವರಿಯಿಂದ ಡಿಸೆಂಬರಿನವರೆಗೆ ಒಂದೇ ಶಾಯಿ, ಒಂದೇ ದುಂಡನೆಯ ಅಕ್ಷರ, ಒಂದು ಕಾಟು ಇಲ್ಲ.

‘ಅತ್ತೆ, ಇದು ನಿಮ್ಮ ಅಕ್ಷರವಾ?’

ಅತ್ತೆ ಕನ್ನಡಕ ಏರಿಸಿ ನೋಡಿದರು. ಅದು ರೈಟರ ಅಕ್ಷರ. ತಾನು ಬರೆಯುತ್ತಿದ್ದದ್ದು ಒಂದು ಚಿಕ್ಕ ನೋಟುಬುಕ್ಕಿನಲ್ಲಿ, ವರ್ಷ ಮುಗಿದ ಮೇಲೆ ರೈಟರು ಅದನ್ನು ದೊಡ್ಡ ಪುಸ್ತಕಕ್ಕೆ ಇಳಿಸಿದ್ದರು, ಚಿಕ್ಕದು ಒಲೆಗೆ ಹೋಯಿತು, ಕಾಗದ ಬಂದಾಗ ಬಿಡಿಸಲು ನೋಡಿದ್ದು ದೊಡ್ಡ ಪುಸ್ತಕವನ್ನೇ ಎಂದರು.

ನನಗೆ ಆಗ ಸ್ಕೇಲು ನೆನಪಾಯಿತು. ಬೆಳಿಗ್ಗೆ ಎಂಟಕ್ಕೆ ಅಳೆದದ್ದನ್ನು ಯಾವ ತಾರೀಕಿಗೆ ಬರೆಯುತ್ತಿದ್ದಿರಿ ಎಂದು ಕೇಳಿದೆ. ಅಳೆದ ದಿನಕ್ಕೇ, ಮತ್ತೆ ಇನ್ಯಾವುದಕ್ಕೆ ಎಂದರು ಪೇಟೆಯ ಹುಡುಗಿ. ಅಜ್ಜಯ್ಯ ಅದನ್ನು ಕಂಡಿದ್ದಾರೆ. ಹೊಸ ಸೊಸೆ, ವರ್ಷವಿಡೀ ನಿಷ್ಠೆಯಿಂದ ಬರೆದಿದ್ದಾಳೆ, ಮನಸ್ಸಿಗೆ ನೋವಾಗಬಾರದು ಎಂದು ಒಂದು ಮಾತೂ ಆಡದೆ, ಇಡೀ ವರ್ಷದ ಮಳೆಯನ್ನು ಒಂದೊಂದು ದಿನ ಹಿಂದಕ್ಕೆ ಸರಿಸಿ ರೈಟರ ಕೈಲಿ ಬರೆಸಿದ್ದಾರೆ. ಅಷ್ಟರಲ್ಲಿ ಅತ್ತೆಯ ನಕಲು ಗಡಿಗೆ ಹೋಗಿಯಾಗಿತ್ತು. ಗಡಿಯಲ್ಲಿ ಒಂದು ಮಳೆ, ಮನೆಯಲ್ಲಿ ಒಂದು ಮಳೆ. ಶತ್ರು ಸೈನ್ಯಕ್ಕೂ ಆಗದ್ದನ್ನು ಅಜ್ಜಯ್ಯನ ಮರ್ಯಾದೆ ಮಾಡಿತ್ತು.

ಜುಲೈ ಹತ್ತರ ಬದಲು ಒಂಬತ್ತರಿಂದ ಶುರು ಮಾಡಿದೆ. ಮೊದಲ ಅಕ್ಷರ ಈ. ಎರಡನೆಯದು ಗ. ಅತ್ತೆ ನನ್ನ ಭುಜ ಹಿಡಿದುಕೊಂಡಿದ್ದರು. ಮೂರನೆಯದು ಬಂದಾಗ ನಾನು ಚಕ್ರ ನಿಲ್ಲಿಸಿದೆ, ಅತ್ತೆ ತಾವೇ ಕೈ ಚಾಚಿ ಮುಂದಕ್ಕೆ ತಿರುಗಿಸಿದರು. ಹದಿಮೂರು ಅಕ್ಷರ ಮುಗಿದಾಗ ಅದೇ ಕಾಗದದಲ್ಲಿ ಅಂಕಿಗಳ ಕೆಳಗೆ ನಾನು ಬರೆದಿದ್ದದ್ದು: ಈಗ ಬೇಡ ನಾನು ಬಂದ ಮೇಲೆ ನೋಡುವ.

ನನಗೆ ಅಳು ಬಂತು, ನನ್ನ ಹಟಕ್ಕೆ ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ. ಒಲೆಗೆ ಹಾಕಿಬಿಡುತ್ತೇನೆ ಎಂದು ಎದ್ದೆ. ಅವರು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಮತ್ತೊಮ್ಮೆ ಓದಿದರು. ಮುಖದಲ್ಲಿ ಏನೋ ಬದಲಾಗುತ್ತಿತ್ತು.

‘ಅಲ್ಲ ಮಾರಾಯ್ತಿ, ಬೇಡ ಅಂತ ಬರ್ದೋರು ಅಪ್ಪನ ಎದ್ರು ಹೌದು ಅಂದ್ರಲ್ಲ?’

ಆ ರಾತ್ರಿ ನಮ್ಮ ತೋಟಕ್ಕೆ ಹೂಮಳೆ ಬಂತು. ಬೆಳಿಗ್ಗೆ ಎದ್ದರೆ ಮನೆಯೆಲ್ಲ ಮದುವೆಮನೆಯ ಹಾಗೆ. ಗಂಡ ಗಂಬೂಟು ಹಾಕಿಕೊಂಡು ಮೊಗ್ಗು ನೋಡಲು ಓಡಿದ್ದರು, ಆಲ್ದೂರಿನ ನೆಂಟರು ಆಗಲೇ ಎರಡು ಸಲ ಫೋನು ಮಾಡಿ ಎಷ್ಟು ಸೆಂಟು ಎಂದು ಕೇಳಿದ್ದರು, ಎಂಟು ಗಂಟೆಗೆ ಮೊದಲು ಡಬ್ಬಿ ಮುಟ್ಟುವುದಿಲ್ಲ ಎಂದು ಮಾವ ಅವರಿಗೆ ಗದರಿದ್ದರು. ಎಂಟಕ್ಕೆ ಸರಿಯಾಗಿ ಅಂಗಳಕ್ಕೆ ಇಳಿದು ಗ್ಲಾಸು ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆದರು. ಒಂದು ಇಂಚು ಹನ್ನೆರಡು ಸೆಂಟು. ಜಗಲಿಗೆ ಬಂದು ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾಗ ಅತ್ತೆ ಒಳಗಿನಿಂದ ಬಂದು, ಆ ಕಾಗದವನ್ನು ಪುಸ್ತಕದ ಮೇಲಿಟ್ಟರು.

ಮಾವ ಓದಿದರು. ಅವರ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅವರು ಒಂದು ಅಕ್ಷರವನ್ನೂ ಮರೆತಿರಲಿಲ್ಲ. ತುಂಟತನ ಮಾಡಿ ಸಿಕ್ಕಿಬಿದ್ದವರ ಪೆಚ್ಚು ನಗು ಅವರ ಮೀಸೆಯ ಕೆಳಗೆ ಹುಟ್ಟಿತು.

‘ಬೇಡ ಅಂದಿದ್ರಿ,’ ಎಂದರು ಅತ್ತೆ.

‘ಅಂದಿದ್ದೆ.’

‘ಮತ್ತೆ ಅಜ್ಜಯ್ಯನ ಹತ್ರ ಹೌದು ಅಂದ್ರಿ.’

ಮಾವ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಐವತ್ತು ವರ್ಷ ಬಿಗಿಹಿಡಿದ ಬಾಯಿ, ತೆರೆಯಲು ಅಷ್ಟು ಹೊತ್ತು ಬೇಕಾಗುತ್ತದೆ.

‘ಬಾಗ್ಲ ಹತ್ರ ನಿಂತಿದ್ದೆ ನೀನು. ಕೈಯಲ್ಲಿ ಪುಸ್ತಕ ಇತ್ತು. ಮುಖ ಹೇಗಿತ್ತು ಅಂತ ನಿಂಗೆ ಗೊತ್ತಿಲ್ಲ, ನಾನು ನೋಡ್ದೆ. ಬೇಡ ಅಂತ ಬರ್ದಿದ್ದು ಅಪ್ಪನ ಹೆದ್ರಿಕೆಗೆ. ನಾನು ಬರ್ದಿದ್ದಕ್ಕಿಂತ ನೀನು ಓದಿದ್ದೇ ಸರಿ ಇತ್ತು.’

ಅತ್ತೆ ಬೇಕೆಂದೇ ಮಾತು ಮೀರಿದ್ದಾರೆ ಎಂದು ಇಷ್ಟು ವರ್ಷವೂ ಮಾವ ತಿಳಿದಿದ್ದರು. ಅದಕ್ಕೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಓದಲು ಬರಲೇ ಇಲ್ಲ, ಮಳೆ ಒಂದು ದಿನ ಸರಿದಿತ್ತು ಎಂದು ನಾನು ವಿವರಿಸಿದಾಗ ಅವರು ಮೊದಲು ನಂಬಲಿಲ್ಲ. ಆಮೇಲೆ ತಮ್ಮ ಅಪ್ಪನ ಕೆಲಸ ಕೇಳಿ ಕಂಬ ಹಿಡಿದುಕೊಂಡು ನಕ್ಕರು. ಅತ್ತೆಯೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗಂತೂ ಆ ಬೆಳಿಗ್ಗೆ ಇಬ್ಬರನ್ನೂ ಒಟ್ಟಿಗೇ ತಬ್ಬಿಕೊಳ್ಳಬೇಕು ಅನ್ನಿಸಿತು, ಈ ಮನೆಯಲ್ಲಿ ಅದೆಲ್ಲ ಅಭ್ಯಾಸವಿಲ್ಲವಾದ್ದರಿಂದ ಕಾಫಿ ತಂದುಕೊಟ್ಟೆ. ಮುಂದಿನ ವಾರ ಭಾಷಣ ಚೆನ್ನಾಗಿಯೇ ಆಯಿತು. ಚಕ್ರ ತೋರಿಸಿದೆ, ಕಾಗದ ತೋರಿಸಲಿಲ್ಲ.

ಆ ಬೆಳಿಗ್ಗೆ ಕಾಫಿ ಕುಡಿದಾದ ಮೇಲೂ ಪುಸ್ತಕ ತೆರೆದೇ ಇತ್ತು, ಮಳೆ ಬರೆದಾಗಿರಲಿಲ್ಲ. ಅಜ್ಜಯ್ಯನ ಕಾಲು ವಾಸಿಯಾದ ಮೇಲೆ ಅತ್ತೆ ಆ ಪುಸ್ತಕ ಮುಟ್ಟಿದವರಲ್ಲ. ಮಾವ ಪೆನ್ನು ಅವರ ಕಡೆ ಚಾಚಿದರು. ಅತ್ತೆ ಕೂತು, ಕನ್ನಡಕ ಸರಿ ಮಾಡಿಕೊಂಡು, ಯಾವ ತಾರೀಕಿಗೆ ಬರೆಯಲಿ ಎಂದು ಕೇಳಿದರು. ನಾನು ಸ್ಕೇಲಿಗಾಗಿ ಸುತ್ತ ನೋಡಿದೆ.

‘ನಿಂಗೆ ಯಾವ್ದು ಸರಿ ಕಾಣ್ತದೋ ಅದಕ್ಕೇ ಬರಿ,’ ಎಂದರು ಮಾವ.

ಅತ್ತೆ ಇವತ್ತಿನ ತಾರೀಕಿಗೇ ಬರೆದರು.